ಗಣಕಯಂತ್ರದ ಹಳಗನ್ನಡ

ಶಿವಮೊಗ್ಗೆಯಿಂದ ಭದ್ರಾವತಿಗೆ ಬಸ್ಸಿನಲ್ಲಿ ಓಡಾಡುವವರಿಗೆ ಹಿಂದಿನ ಕಾಲವನ್ನು ನೆನೆದು ನಿಟ್ಟುಸಿರಿಡುವ ಮಾತು ಹೊಸದಲ್ಲ. ಮಲವಗೊಪ್ಪ ಬಂತೆಂದರೆ ಯಾರಾದರೊಬ್ಬರು ಸಕ್ಕರೆ ಕಾರ್ಖಾನೆ ನಡೆಯುತ್ತಿದ್ದ ಕಾಲವನ್ನೂ ಕಬ್ಬಿನ ಗಾಡಿಗಳ ಸಾಲನ್ನೂ ವರ್ಣಿಸತೊಡಗುತ್ತಾರೆ. ಭದ್ರಾವತಿ ಸಮೀಪಿಸಿದಂತೆ ಮಾತು ಕಾಗದದ ಕಾರ್ಖಾನೆಗೂ ಅಲ್ಲಿಂದ ಕಬ್ಬಿಣದ ಕಾರ್ಖಾನೆಗೂ ಹೊರಳುತ್ತದೆ. ಕೈಗೆ ಕೆಲಸವನ್ನೂ ಮನೆಗೆ ಅನ್ನವನ್ನೂ ಕೊಟ್ಟ ಯಂತ್ರಗಳನ್ನು ಮನುಷ್ಯ ನೆನೆಯುವುದು ಸಹಜವೇ ಸರಿ. ಆದರೆ ಈಗ ಯಾರೂ ಕಲಿಯಲು ಮುಂದಾಗದ ಗಣಕಭಾಷೆಯೊಂದನ್ನು ನೆನೆದು ಒಬ್ಬ ಮನುಷ್ಯನ ಧ್ವನಿ ಗದ್ಗದವಾದೀತೆಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಕಳೆದ ದಸರಾ ರಜೆಯಲ್ಲಿ ಮಲವಗೊಪ್ಪದಲ್ಲಿರುವ ನನ್ನ ಸೋದರಮಾವನವರ ಮನೆಯ ಅಟ್ಟದಿಂದ ಕಾಗದದ ಒಂದು ಕಟ್ಟನ್ನು ಇಳಿಸಿದ ಮೇಲೆ ನಂಬಬೇಕಾಯಿತು. ಎರಡು ಅಂಚಿನಲ್ಲೂ ಸಾಲಾಗಿ ತೂತುಗಳಿರುವ, ಒಂದಕ್ಕೊಂದು ಅಂಟಿಕೊಂಡೇ ಮಡಿಚಿಕೊಳ್ಳುವ ಉದ್ದನೆಯ ಕಾಗದ. ಅದರ ತುಂಬ ಇಂಗ್ಲಿಷಿನ ದೊಡ್ಡಕ್ಷರಗಳು. ಮಾವ ಅದನ್ನು ಮೊಣಕಾಲ ಮೇಲೆ ಹರಡಿಕೊಂಡು, ಪಾರಾಯಣಕ್ಕೆ ಕುಳಿತವರಂತೆ ಮೊದಲ ಪುಟದಿಂದ ಗಟ್ಟಿಯಾಗಿ ಓದತೊಡಗಿದರು. ಅದು ಕೋಬಾಲ್ ಭಾಷೆಯಲ್ಲಿ ಅವರು 1989ರಲ್ಲಿ ಬರೆದ ಒಂದು ಪ್ರೋಗ್ರಾಮು.

ಆ ಕಾಗದದ ಕಥೆಗೆ ಬರುವ ಮೊದಲು, ನನ್ನಂತೆಯೇ ಕಲಾ ವಿಭಾಗದಲ್ಲಿ ಓದುವ ಮಿತ್ರರಿಗಾಗಿ ಈ ಗಣಕಭಾಷೆ ಎಂಬುದೇನೆಂದು ನಾಲ್ಕು ಮಾತು ಹೇಳುವುದು ಅಗತ್ಯ. ವಿಜ್ಞಾನದ ವಿದ್ಯಾರ್ಥಿಗಳು ಈ ಭಾಗವನ್ನು ದಾಟಿ ಮುಂದೆ ಹೋಗಬಹುದು.

ಗಣಕಯಂತ್ರಕ್ಕೆ ತಿಳಿಯುವುದು ಎರಡೇ ಅಂಕಿ, ಸೊನ್ನೆ ಮತ್ತು ಒಂದು. ಮೊದಮೊದಲು ಅದಕ್ಕೆ ಕೆಲಸ ಹೇಳುತ್ತಿದ್ದವರು ತಮ್ಮ ಆಜ್ಞೆಗಳನ್ನೆಲ್ಲ ಇಂಥ ಅಂಕಿಗಳಾಗಿಯೇ ಬರೆಯಬೇಕಾಗಿತ್ತು. ಅದು ಬಹು ಪ್ರಯಾಸದ ಕೆಲಸ. ಒಂದು ಅಂಕಿ ಆಚೀಚೆಯಾದರೆ ಲೆಕ್ಕವೆಲ್ಲ ತಲೆಕೆಳಗು. ಆದುದರಿಂದ ಮನುಷ್ಯನು ತನಗೆ ಓದಲು ಬರುವ ಪದಗಳಲ್ಲಿ ಬರೆದು, ಅದನ್ನು ಅಂಕಿಗಳಿಗೆ ತರ್ಜುಮೆ ಮಾಡುವ ಹೊಣೆಯನ್ನು ಯಂತ್ರಕ್ಕೇ ಒಪ್ಪಿಸುವ ಉಪಾಯ ಹುಟ್ಟಿತು. ಈ ನಡುವಣ ಭಾಷೆಯೇ ಗಣಕಭಾಷೆ. ನಮ್ಮ ಮಾತಿಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವುಂಟು. ತಮ್ಮನಿಗೆ ‘ಅಂಗಡಿಗೆ ಹೋಗಿ ಬಾ’ ಎಂದರೆ, ಚಪ್ಪಲಿ ಮೆಟ್ಟಿಕೋ, ರಸ್ತೆ ನೋಡಿ ದಾಟು ಎಂಬುವನ್ನೆಲ್ಲ ಅವನೇ ಊಹಿಸಿಕೊಳ್ಳುತ್ತಾನೆ. ಯಂತ್ರಕ್ಕೆ ಊಹೆಯಿಲ್ಲ. ಹೇಳಿದ್ದನ್ನು ಮಾತ್ರ ಮಾಡುತ್ತದೆ, ಹೇಳಿದ ಹಾಗೆಯೇ ಮಾಡುತ್ತದೆ. ಆದುದರಿಂದ ಅದರ ಭಾಷೆಗೆ ಅಪವಾದಗಳಿಲ್ಲದ ವ್ಯಾಕರಣ ಬೇಕು. ಇಂಥ ವ್ಯಾಕರಣವನ್ನು ಸೂತ್ರರೂಪದಲ್ಲಿ ಬರೆಯುವ ಒಂದು ಪದ್ಧತಿಯನ್ನು 1959ರಲ್ಲಿ ಜಾನ್ ಬ್ಯಾಕಸ್ ಎಂಬ ಅಮೆರಿಕದ ಗಣಿತಜ್ಞರು ಮುಂದಿಟ್ಟರು. 1967ರಲ್ಲಿ ಇನ್ನೊಬ್ಬ ವಿದ್ವಾಂಸರು, ಈ ಕೆಲಸವನ್ನು ಪಾಣಿನಿಯು ಎಷ್ಟೋ ಶತಮಾನಗಳ ಹಿಂದೆಯೇ ಮಾಡಿದ್ದಾನಾದ್ದರಿಂದ ಪದ್ಧತಿಗೆ ಪಾಣಿನಿ–ಬ್ಯಾಕಸ್ ಎಂದು ಹೆಸರಿಡುವುದು ನ್ಯಾಯವೆಂದು ಒಂದು ಪತ್ರಿಕೆಗೆ ಬರೆದರು. ಶಬ್ದಮಣಿದರ್ಪಣದ ಸೂತ್ರಗಳನ್ನು ಬಾಯಿಪಾಠ ಮಾಡುತ್ತ ‘ಇದರಿಂದೇನು ಪ್ರಯೋಜನ’ ಎಂದು ಗೊಣಗುವ ನಮ್ಮ ತರಗತಿಯ ಗೆಳೆಯರು ಇದನ್ನು ಗಮನಿಸಬೇಕು.

ಈ ಬ್ಯಾಕಸ್ ಅವರ ಮುಂದಾಳುತನದಲ್ಲಿಯೇ 1957ರಲ್ಲಿ ಫೋರ್ಟ್ರಾನ್ ಎಂಬ ಭಾಷೆ ಬಳಕೆಗೆ ಬಂದಿತು. ಗಣಿತದ ಸೂತ್ರವನ್ನು ಹೆಚ್ಚುಕಡಮೆ ಸೂತ್ರವಾಗಿಯೇ ಬರೆದರೆ ಯಂತ್ರಕ್ಕೆ ತಿಳಿಯುವಂತೆ ಮಾಡುವುದು ಅದರ ಉದ್ದೇಶ. ನಮ್ಮ ದೇಶದ ಎಂಜಿನಿಯರುಗಳಲ್ಲಿ ಒಂದು ತಲೆಮಾರಿಗೆ ಗಣಕಯಂತ್ರವೆಂದರೆ ಫೋರ್ಟ್ರಾನ್ ಎಂದೇ ಅರ್ಥ. 1963ರಲ್ಲಿ ಕಾನ್ಪುರದ ಐಐಟಿಗೆ ಐಬಿಎಂ 1620 ಯಂತ್ರ ಬಂದಿತು. ಅಲ್ಲಿ ಪಾಠ ಹೇಳುತ್ತಿದ್ದ ವಿ. ರಾಜಾರಾಮನ್ ಅವರು ಆ ದಶಕದ ಕೊನೆಯಿಂದ ಬರೆಯತೊಡಗಿದ ಅಗ್ಗದ ಬೆಲೆಯ ಪಠ್ಯಪುಸ್ತಕಗಳು ಊರೂರಿನ ಕಾಲೇಜುಗಳಿಗೆ ಹರಡಿದುವು. ರಾಜಾರಾಮನ್ ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಆ ಸಂಸ್ಥೆಯಲ್ಲಿ 1970ರ ವೇಳೆಗೆ ಐಬಿಎಂ 360/44 ಎಂಬ ದೊಡ್ಡ ಯಂತ್ರವಿದ್ದ ಗಣಕ ಕೇಂದ್ರ ಆರಂಭವಾಗಿತ್ತು.

ಆಗ ಪರದೆಯಾಗಲಿ ಕೀಲಿಮಣೆಯಾಗಲಿ ಬರೆಯುವವನ ಎದುರಿಗೆ ಇರುತ್ತಿರಲಿಲ್ಲ. ಪ್ರೋಗ್ರಾಮನ್ನು ಮೊದಲು ಚೌಕುಳಿ ಹಾಕಿದ ಹಾಳೆಯ ಮೇಲೆ, ಒಂದು ಮನೆಗೆ ಒಂದು ಅಕ್ಷರದಂತೆ, ಪೆನ್ಸಿಲಿನಲ್ಲಿ ಬರೆಯಬೇಕು. ಓ ಅಕ್ಷರಕ್ಕೂ ಸೊನ್ನೆಗೂ ಗೊಂದಲವಾಗದಂತೆ ಎರಡರಲ್ಲೊಂದಕ್ಕೆ ಅಡ್ಡಗೀಟು ಹಾಕಬೇಕು. ಅನಂತರ ಒಂದೊಂದು ಸಾಲನ್ನೂ ಒಂದೊಂದು ದಪ್ಪ ಕಾಗದದ ಕಾರ್ಡಿನ ಮೇಲೆ ತೂತುಗಳಾಗಿ ಹೊಡೆಯಿಸಬೇಕು. ಒಂದು ಕಾರ್ಡಿಗೆ ಎಂಬತ್ತು ಕಾಲಮುಗಳು. ಫೋರ್ಟ್ರಾನಿನಲ್ಲಿ ಏಳನೆಯ ಕಾಲಮಿನಿಂದ ಎಪ್ಪತ್ತೆರಡನೆಯ ಕಾಲಮಿನವರೆಗೆ ಮಾತ್ರ ಆಜ್ಞೆ ಬರೆಯಲು ಸ್ಥಳ. ಅದರಾಚೆಗೆ ಏನು ಬರೆದರೂ ಯಂತ್ರ ಕಣ್ಣೆತ್ತಿ ನೋಡದು. ಇಂಥ ನೂರಾರು ಕಾರ್ಡುಗಳ ಕಟ್ಟಿಗೆ ರಬ್ಬರ್ ಬ್ಯಾಂಡು ಸುತ್ತಿ ಕಿಟಕಿಯಲ್ಲಿ ಕೊಟ್ಟುಬಂದರೆ, ಫಲಿತಾಂಶ ಸಿಗುವುದು ಎಷ್ಟೋ ವೇಳೆ ಮಾರನೆಯ ದಿನ. ಅಲ್ಲಿಯೂ ಉತ್ತರದ ಬದಲು, ಹನ್ನೆರಡನೆಯ ಸಾಲಿನಲ್ಲಿ ಅಲ್ಪವಿರಾಮ ಬಿಟ್ಟುಹೋಗಿದೆ ಎಂಬ ಒಂದು ವಾಕ್ಯವಿರಬಹುದು! ಕಟ್ಟು ಕೈಜಾರಿ ನೆಲಕ್ಕೆ ಬಿದ್ದು ಕಾರ್ಡುಗಳ ಕ್ರಮ ಕೆಟ್ಟರೆ ಮುಗಿಯಿತು. ಅದಕ್ಕೇ ತಿಳಿದವರು ಕಟ್ಟಿನ ಅಂಚಿನ ಮೇಲೆ ಬಣ್ಣದ ಪೆನ್ನಿನಿಂದ ಓರೆಯಾಗಿ ಒಂದು ಗೆರೆ ಎಳೆದಿಡುತ್ತಿದ್ದರು.

ಇಷ್ಟು ಕಷ್ಟದ ಕಾಲವನ್ನು ಯಾರಾದರೂ ಏಕೆ ಹಂಬಲಿಸಬೇಕು? ಮಾವನವರು ಕೊಟ್ಟ ಕಾರಣ ನನಗೆ ಇನ್ನೂ ಪೂರ್ತಿ ಒಪ್ಪಿಗೆಯಾಗಿಲ್ಲ. ಒಂದು ತಪ್ಪಿಗೆ ಒಂದು ದಿನ ಹೋಗುತ್ತದೆಂದು ತಿಳಿದಾಗ ಮನುಷ್ಯ ಬರೆಯುವ ಮೊದಲು ಯಂತ್ರವಾಗಿ ತಾನೇ ನಡೆದು ನೋಡುತ್ತಾನಂತೆ. ಪ್ರತಿ ಸಾಲಿನಲ್ಲೂ ಯಾವ ಅಂಕಿ ಎಲ್ಲಿರುತ್ತದೆಂದು ಕಣ್ಣು ಮುಚ್ಚಿ ಹೇಳಬಲ್ಲವನಾಗಿರುತ್ತಿದ್ದನಂತೆ. ಇರಬಹುದು. ಮೈಲಿಗಟ್ಟಲೆ ನಡೆದು ಶಾಲೆಗೆ ಹೋದವರು ನಡಿಗೆಯನ್ನೇ ಹೊಗಳುವುದೂ ಉಂಟಷ್ಟೆ.

ಫೋರ್ಟ್ರಾನ್ ಸತ್ತಿತೆಂದು ಮಾತ್ರ ಯಾರೂ ತಿಳಿಯಬಾರದು. ಗಾಳಿ, ತೇವ, ಶಾಖಗಳ ಸಮೀಕರಣಗಳನ್ನು ಬಿಡಿಸಿ ಮಳೆಯ ಮುನ್ಸೂಚನೆ ಕೊಡುವ ದೊಡ್ಡ ಪ್ರೋಗ್ರಾಮುಗಳು ಇಂದಿಗೂ ಬಹುಮಟ್ಟಿಗೆ ಅದೇ ಭಾಷೆಯಲ್ಲಿವೆ. ಜೂನ್ ತಿಂಗಳಲ್ಲಿ ತೀರ್ಥಹಳ್ಳಿ ಕಡೆ ಭಾರಿ ಮಳೆಯೆಂದು ನಮ್ಮ ಮೊಬೈಲಿನಲ್ಲಿ ಸುದ್ದಿ ಬಂದಾಗ, ಅದರ ಹಿಂದೆ ಎಲ್ಲಿಯೋ 1957ರ ಆ ಭಾಷೆಯ ಸಂತತಿ ಲೆಕ್ಕ ಹಾಕುತ್ತಿರುತ್ತದೆ.

ಫೋರ್ಟ್ರಾನ್ ವಿಜ್ಞಾನಿಗಳದಾದರೆ ನಮ್ಮಂಥವರಿಗಾಗಿಯೇ ಹುಟ್ಟಿದ ಭಾಷೆಯೊಂದಿತ್ತೆಂಬುದು ನನಗೆ ಈ ಲೇಖನ ಬರೆಯಹೊರಟಾಗಲೇ ತಿಳಿದದ್ದು. ಅದರ ಹೆಸರು ಬೇಸಿಕ್. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಕೆಮೆನಿ ಮತ್ತು ಕುರ್ಟ್ಸ್ ಎಂಬ ಇಬ್ಬರು ಗಣಿತದ ಅಧ್ಯಾಪಕರಿದ್ದರು. ತಮ್ಮ ಕಾಲೇಜಿನ ವಿದ್ಯಾರ್ಥಿಗಳಲ್ಲಿ ನಾಲ್ಕರಲ್ಲಿ ಒಂದು ಪಾಲು ಮಾತ್ರ ವಿಜ್ಞಾನದವರು, ಉಳಿದವರು ಸಾಹಿತ್ಯ, ಚರಿತ್ರೆ, ಸಮಾಜಶಾಸ್ತ್ರಗಳನ್ನು ಓದುವವರು. ನಾಳೆ ಗಣಕಯಂತ್ರಗಳ ವಿಷಯದಲ್ಲಿ ತೀರ್ಮಾನ ಮಾಡುವ ಅಧಿಕಾರಿಗಳಾಗುವವರು ಈ ಉಳಿದವರೇ. ಅವರು ಯಂತ್ರದ ಮುಂದೆ ಕೂರದಿದ್ದರೆ ಹೇಗೆ? ಹೀಗೆ ಅವರು ಯೋಚಿಸಿದರು. 1964ರ ಮೇ 1ರ ಬೆಳಗಿನ ಜಾವ ಮೊದಲ ಬೇಸಿಕ್ ಪ್ರೋಗ್ರಾಮು ನಡೆಯಿತು. ಕಾರ್ಡುಗಳಿಲ್ಲ, ಕಿಟಕಿಯಿಲ್ಲ, ಟೈಪು ಮಾಡಿದೊಡನೆ ಯಂತ್ರದ ಉತ್ತರ.

ಬೇಸಿಕ್ಕಿನಲ್ಲಿ ಪ್ರತಿ ಸಾಲಿಗೂ ಒಂದು ಸಂಖ್ಯೆಯಿರುತ್ತಿತ್ತು. ಕಲಿಸುವವರು 1, 2, 3 ಎಂದು ಬರೆಯಬೇಡಿ, 10, 20, 30 ಎಂದು ಬರೆಯಿರಿ ಎನ್ನುತ್ತಿದ್ದರು. ಮುಂದೆ ಏನಾದರೂ ಹೊಳೆದರೆ ನಡುವೆ ಸೇರಿಸಲು ಜಾಗವಿರಲೆಂದು. ಮೊದಲೇ ತಪ್ಪಿಗೆ ಸ್ಥಳ ಬಿಟ್ಟುಕೊಂಡು ಬರೆಯುವ ಈ ಪದ್ಧತಿ ನನಗೆ ಬಹಳ ಹಿಡಿಸಿತು. ನಮ್ಮ ಕನ್ನಡಿಗರಿಗೂ ಈ ಭಾಷೆಗೂ ನಂಟುಂಟು. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದ ಎನ್. ಆರ್. ನಾರಾಯಣಮೂರ್ತಿಯವರು ಇನ್ಫೋಸಿಸ್ ಕಟ್ಟುವುದಕ್ಕೆ ಎಷ್ಟೋ ವರ್ಷ ಮುಂಚೆ, ಅಹಮದಾಬಾದಿನಲ್ಲಿದ್ದಾಗ, ಇಸಿಐಎಲ್ ಸಂಸ್ಥೆಯ ಯಂತ್ರಕ್ಕೆ ಬೇಸಿಕ್ ಅರ್ಥವಾಗುವಂತೆ ಮಾಡುವ ಪ್ರೋಗ್ರಾಮನ್ನು ರಚಿಸಿದ್ದರು. 1984ರಲ್ಲಿ ಭಾರತ ಸರ್ಕಾರವು ಶಾಲೆಗಳಿಗೆ ಬಿಬಿಸಿ ಮೈಕ್ರೋ ಎಂಬ ಪುಟ್ಟ ಯಂತ್ರಗಳನ್ನು ಕೊಡುವ ಯೋಜನೆ ಹೂಡಿದಾಗ ಮಕ್ಕಳು ಕಲಿತದ್ದೂ ಬೇಸಿಕ್ಕೇ. ನಮ್ಮ ರಾಜ್ಯದಲ್ಲಿ 2000ದ ಸುಮಾರಿಗೆ ‘ಭೂಮಿ’ ಯೋಜನೆ ಬಂದು ಶಾನುಭೋಗಿಕೆಯ ಕಾಲದಿಂದ ಕೈಬರಹದಲ್ಲಿದ್ದ ಪಹಣಿಗಳು ತಾಲ್ಲೂಕು ಕಛೇರಿಯ ಗಣಕಕ್ಕೆ ಸೇರಿದುವಲ್ಲ, ಆ ವ್ಯವಸ್ಥೆಯನ್ನು ಮೊದಲು ಬರೆದದ್ದು ವಿಷುಯಲ್ ಬೇಸಿಕ್ಕಿನಲ್ಲಿ. ನಮ್ಮ ಅಪ್ಪಂದಿರು ಸಾಲಿನಲ್ಲಿ ನಿಂತು ಹದಿನೈದು ರೂಪಾಯಿ ಕೊಟ್ಟು ತಂದ ಪಹಣಿ, ಕಲಾ ವಿದ್ಯಾರ್ಥಿಗಳಿಗಾಗಿ ಹುಟ್ಟಿದ ಆ ಭಾಷೆಯ ಮೊಮ್ಮಗುವಿನ ಕೈಯಿಂದ ಬಂದದ್ದು.

ಇನ್ನು ಮಾವನವರ ಕೋಬಾಲ್. 1959ರಲ್ಲಿ ಅಮೆರಿಕದ ಸರ್ಕಾರ, ಯಂತ್ರ ತಯಾರಕರು, ವರ್ತಕರು ಸೇರಿದ ಸಮಿತಿಯೊಂದು ವ್ಯಾಪಾರದ ಲೆಕ್ಕಪತ್ರಕ್ಕೆಂದು ಇದನ್ನು ರೂಪಿಸತೊಡಗಿತು. ಇದಕ್ಕೆ ಆಧಾರವಾದ ಹಿಂದಿನ ಭಾಷೆಯನ್ನು ಕಟ್ಟಿದವರು ಅಮೆರಿಕದ ನೌಕಾಪಡೆಯಲ್ಲಿದ್ದ ಗ್ರೇಸ್ ಹಾಪರ್ ಎಂಬ ಮಹಿಳೆ. ಲೆಕ್ಕ ಬರೆಯುವವನು ಮಾತ್ರವಲ್ಲದೆ, ಗಣಕವನ್ನು ಕಾಣದ ಅಧಿಕಾರಿಯೂ ಓದಿ ಅರ್ಥಮಾಡಿಕೊಳ್ಳಬಲ್ಲ ಭಾಷೆ ಬೇಕೆಂಬುದು ಅವರ ಹಟ. ಅದಕ್ಕೇ ಕೋಬಾಲಿನಲ್ಲಿ ಕೂಡುವ ಚಿಹ್ನೆಯ ಬದಲು ‘ಆಡ್’ ಎಂದೂ, ಭಾಗಿಸುವ ಚಿಹ್ನೆಯ ಬದಲು ‘ಡಿವೈಡ್’ ಎಂದೂ ಬರೆಯುವುದು; ವಾಕ್ಯದ ಕೊನೆಗೆ ಪೂರ್ಣವಿರಾಮ ಇಡುವುದು. ಪ್ರೋಗ್ರಾಮಿಗೆ ನಾಲ್ಕು ವಿಭಾಗಗಳು. ಮೊದಲನೆಯದರಲ್ಲಿ ಹೆಸರು, ಎರಡನೆಯದರಲ್ಲಿ ಯಾವ ಯಂತ್ರ, ಮೂರನೆಯದರಲ್ಲಿ ಯಾವ ಯಾವ ಅಂಕಿಅಂಶಗಳು ಎಷ್ಟೆಷ್ಟು ಅಗಲದವು, ಕೊನೆಯದರಲ್ಲಿ ಕೆಲಸ. ನಮ್ಮ ಹಳೆಯ ಕವಿಗಳು ಪೀಠಿಕೆ, ಸ್ತುತಿ, ವಂಶವರ್ಣನೆಗಳೆಲ್ಲ ಮುಗಿದ ಮೇಲೆ ಕಥೆಗೆ ಬರುವಂತೆ! ಪಂಡಿತರಿಗೆ ಈ ವಾಚಾಳಿತನ ಹಿಡಿಸಲಿಲ್ಲ. ಡಚ್ ವಿದ್ವಾಂಸ ಡೈಕ್ಸ್ಟ್ರಾ 1975ರಲ್ಲಿ, ಕೋಬಾಲ್ ಕಲಿಸುವುದನ್ನು ಅಪರಾಧವೆಂದು ಪರಿಗಣಿಸಬೇಕೆಂಬಷ್ಟು ಕಟುವಾಗಿ ಬರೆದರು. ಬೇಸಿಕ್ಕನ್ನೂ ಅವರು ಬಿಡಲಿಲ್ಲ.

ಮಾವ ಎಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿದ್ದು ಕೋಬಾಲ್ ಕಲಿತು, ಮನೆಯ ಕಾರಣಗಳಿಂದ ಊರಿಗೆ ಮರಳಿದವರು. ಅವರ ಪರಿಚಯದ ಒಂದು ಸಹಕಾರ ಸಂಘದವರು ಹೊಸದಾಗಿ ಒಂದು ಗಣಕಯಂತ್ರ ತರಿಸಿದ್ದರು. ಠೇವಣಿಗಳಿಗೆ ತಿಂಗಳು ತಿಂಗಳು ಬಡ್ಡಿ ಕಟ್ಟುವ ಪ್ರೋಗ್ರಾಮನ್ನು ಮಾವನಿಂದ ಬರೆಯಿಸಿದರು. ಹತ್ತು ವರ್ಷ ಅದು ನಡೆಯಿತು. ಕೋಬಾಲಿನಲ್ಲಿ ಅಂಕಿಗಳಿಗೆ ಬರೆಯುವವನು ತನಗಿಷ್ಟವಾದ ಹೆಸರಿಡಬಹುದು. ಮಾವ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡದ ಹೆಸರುಗಳನ್ನೇ ಇಟ್ಟಿದ್ದರು. ಕಾಗದದ ಆ ಪುಟದಲ್ಲಿ ಹೀಗಿದೆ: ‘ಮಲ್ಟಿಪ್ಲೈ ಅಸಲು ಬೈ ದರ ಗಿವಿಂಗ್ ಮೊತ್ತ. ಡಿವೈಡ್ ಮೊತ್ತ ಬೈ 1200 ಗಿವಿಂಗ್ ಬಡ್ಡಿ. ಆಡ್ ಬಡ್ಡಿ ಟು ಬಾಕಿ.’ ಅಸಲನ್ನು ದರದಿಂದ ಗುಣಿಸು, ಬಂದದ್ದನ್ನು 1200ರಿಂದ ಭಾಗಿಸಿ ತಿಂಗಳ ಬಡ್ಡಿ ತೆಗೆ, ಅದನ್ನು ಬಾಕಿಗೆ ಕೂಡಿಸು. ಗಣಕಭಾಷೆ ತಿಳಿಯದ ನಾನು ಮೊದಲ ಸಲಕ್ಕೇ ಇದನ್ನು ಓದಿದೆ.

1999ರಲ್ಲಿ ಆ ಪ್ರೋಗ್ರಾಮನ್ನು ಬದಲಾಯಿಸಬೇಕಾಗಿ ಬಂತು. ಸ್ಥಳ ಉಳಿಸಲೆಂದು ಎಲ್ಲರಂತೆ ಮಾವನೂ ವರ್ಷಕ್ಕೆ ಎರಡೇ ಅಂಕಿ ಇಟ್ಟಿದ್ದರು. 89 ಎಂದರೆ 1989. ಹೊಸ ಶತಮಾನ ಬಂದರೆ 00 ಎಂಬುದನ್ನು ಯಂತ್ರ 1900 ಎಂದು ತಿಳಿದೀತೆಂಬ ಭಯ ಆಗ ಜಗತ್ತಿಗೆಲ್ಲ ಇದ್ದಿತು. ಬೆಂಗಳೂರಿನ ಕಂಪೆನಿಗಳಿಗೆ ಪರದೇಶದ ಹಳೆಯ ಕೋಬಾಲ್ ಪ್ರೋಗ್ರಾಮುಗಳನ್ನು ತಿದ್ದುವ ಕೆಲಸ ಹೇರಳವಾಗಿ ದೊರೆತು, ಜಿಲ್ಲೆ ಜಿಲ್ಲೆಗಳ ಹುಡುಗರು ಕೋಬಾಲ್ ಕಲಿಯಲು ಓಡಿದ್ದು ಆಗಲೇ. ಆ ಕಥೆ ಎಲ್ಲರಿಗೂ ಗೊತ್ತಿದೆ.

ಸಂಘದ ಲೆಕ್ಕವನ್ನು ಹೀಗೆ ತಾಳೆ ನೋಡುತ್ತಿದ್ದ ದಿನಗಳಲ್ಲಿ ಒಬ್ಬ ಅಜ್ಜಿ ಮಾವನವರ ಮನೆಗೆ ಬಂದರಂತೆ. ಅವರ ಯಜಮಾನರು ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು, ಹಿಂದಿನ ವರ್ಷ ತೀರಿಕೊಂಡಿದ್ದರು. ಸಂಘದಲ್ಲಿ ಅವರದು 1,275 ರೂಪಾಯಿನ ಒಂದು ಠೇವಣಿ, ವರ್ಷಕ್ಕೆ ನೂರಕ್ಕೆ ಹತ್ತರಂತೆ ಬಡ್ಡಿ. ಮೇಷ್ಟ್ರು ತಿಂಗಳು ತಿಂಗಳೂ ತಾವೇ ಬಡ್ಡಿ ಲೆಕ್ಕ ಹಾಕಿ ಒಂದು ನೋಟ್‌ಬುಕ್ಕಿನಲ್ಲಿ 10 ರೂಪಾಯಿ 63 ಪೈಸೆ ಎಂದು ಬರೆದಿಟ್ಟಿದ್ದರು. ಪಾಸ್ ಬುಕ್ಕಿನಲ್ಲಿ ಇದ್ದದ್ದು 10 ರೂಪಾಯಿ 62 ಪೈಸೆ. ಅವರು ಒಮ್ಮೆ ಕೇಳಲು ಹೋದಾಗ ಅಲ್ಲಿದ್ದ ಗುಮಾಸ್ತರೊಬ್ಬರು, ‘ಕಂಪ್ಯೂಟರ್ ತಪ್ಪು ಮಾಡುತ್ತದೆಯೇ ಮೇಷ್ಟ್ರೇ, ನಿಮಗೆ ವಯಸ್ಸಾಯಿತು’ ಎಂದು ಎಲ್ಲರೆದುರು ನಕ್ಕಿದ್ದರಂತೆ. ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟ ಮನುಷ್ಯ. ಮನೆಗೆ ಬಂದು ಮತ್ತೆ ಮತ್ತೆ ಅದೇ ಲೆಕ್ಕವನ್ನು ಹಾಕಿ ನೋಡಿದ್ದರಂತೆ. ನೋಟ್‌ಬುಕ್ಕಿನ ಅಂಚಿನ ತುಂಬ ಅದೇ ಭಾಗಾಕಾರ.

‘ನಂಗೆ ದುಡ್ಡು ಬ್ಯಾಡ ಮಾರಾಯ. ಮೇಷ್ಟ್ರ ಲೆಕ್ಕ ತಪ್ಪೋ, ನಿನ್ನ ಮಿಷನ್ನಿನ ಲೆಕ್ಕ ತಪ್ಪೋ, ಅದೊಂದು ಹೇಳು’ ಎಂದರಂತೆ ಅಜ್ಜಿ.

ಮಾವ ಇದೇ ಕಾಗದವನ್ನು ತೆಗೆದು ಅಜ್ಜಿಯ ಎದುರಿಗೇ ಒಂದೊಂದು ವಾಕ್ಯವನ್ನೂ ಓದಿ ಕನ್ನಡದಲ್ಲಿ ಹೇಳುತ್ತ ಹೋದರು. 1,275ನ್ನು ಹತ್ತರಿಂದ ಗುಣಿಸಿದರೆ 12,750. ಅದನ್ನು 1200ರಿಂದ ಭಾಗಿಸಿದರೆ 10.625. ಇಲ್ಲಿಗೆ ಬಂದಾಗ ಮಾವನ ಕೈ ನಿಂತಿತು. ಬಡ್ಡಿ ಎಂಬ ಹೆಸರಿನ ಅಂಕಿಗೆ ದಶಮಾಂಶದ ಮುಂದೆ ಎರಡೇ ಮನೆಗಳನ್ನು ಇಟ್ಟಿತ್ತು. ಮೂರನೆಯ ಮನೆಯ 5 ಎಲ್ಲಿ ಹೋಗಬೇಕು? ಲೆಕ್ಕ ಬಲ್ಲವರು ಅರ್ಧ ಪೈಸೆಯನ್ನು ಮುಂದಿನ ಪೈಸೆಗೆ ಏರಿಸುತ್ತಾರೆ. ಮೇಷ್ಟ್ರು ಮಾಡಿದ್ದೂ ಅದನ್ನೇ. ಕೋಬಾಲಿಗೂ ಹಾಗೆ ಮಾಡಲು ಬರುತ್ತದೆ, ಆದರೆ ಹೇಳಬೇಕು. ವಾಕ್ಯದ ಕೊನೆಗೆ ‘ರೌಂಡೆಡ್’ ಎಂಬ ಒಂದು ಪದ ಸೇರಿಸಬೇಕು. ಹೇಳದಿದ್ದರೆ ಅದು ಹೆಚ್ಚಿನ ಅಂಕಿಯನ್ನು ಕತ್ತರಿಸಿ ಎಸೆದುಬಿಡುತ್ತದೆ. ಆ ಪದ ವಾಕ್ಯದಲ್ಲಿ ಇರಲಿಲ್ಲ.

ಹತ್ತು ವರ್ಷಕ್ಕೆ ನೂರಿಪ್ಪತ್ತು ತಿಂಗಳು. ಮೇಷ್ಟ್ರಿಗೆ ಆದ ನಷ್ಟ ಒಂದು ರೂಪಾಯಿ ಇಪ್ಪತ್ತು ಪೈಸೆ. ಇದು ಒಬ್ಬರ ಲೆಕ್ಕ. ಒಂದು ಸಂಘದಲ್ಲಿ ಒಂಬೈನೂರು ಖಾತೆಗಳಿವೆಯೆಂದೂ ಖಾತೆಯೊಂದಕ್ಕೆ ತಿಂಗಳಿಗೆ ಸರಾಸರಿ ಅರ್ಧ ಪೈಸೆ ಹೀಗೆ ಕತ್ತರಿಸಿಹೋಗುತ್ತದೆಂದೂ ಇಟ್ಟುಕೊಂಡರೆ ವರ್ಷಕ್ಕೆ ಐವತ್ತನಾಲ್ಕು ರೂಪಾಯಿ. ಯಾರೂ ಕದಿಯಲಿಲ್ಲ, ಯಾರ ಜೇಬಿಗೂ ಹೋಗಲಿಲ್ಲ. ಒಂದು ಪದ ಬಿಟ್ಟುಹೋದದ್ದಕ್ಕೆ ಇಷ್ಟು.

‘ತಪ್ಪು ನಂದೇ ಅಮ್ಮ. ಮೇಷ್ಟ್ರ ಲೆಕ್ಕ ಸರಿ’ ಎಂದು ಮಾವ ಹೇಳಿದರು. ಅಜ್ಜಿ ಆ ನೋಟ್‌ಬುಕ್ಕನ್ನೇ ಮುಂದಕ್ಕೆ ಸರಿಸಿ, ‘ಹಂಗಂತ ಇದ್ರಾಗೆ ಬರ್ದು ರುಜು ಹಾಕು’ ಎಂದರು. ಕೊನೆಯ ಪುಟದಲ್ಲಿ ‘ಲೆಕ್ಕ ಸರಿಯಾಗಿದೆ’ ಎಂದು ಬರೆದು ಮಾವ ರುಜು ಹಾಕಿದರು. ಶಾಲೆಯ ಮಕ್ಕಳ ಪುಸ್ತಕಕ್ಕೆ ಮೇಷ್ಟ್ರು ಹಾಕುತ್ತಿದ್ದಂತೆ ತಾರೀಖನ್ನೂ ಹಾಕಿಸಿಕೊಂಡೇ ಅಜ್ಜಿ ಎದ್ದದ್ದು. ಮುಂದೆ ಸಂಘದವರು ಎಲ್ಲರ ಲೆಕ್ಕವನ್ನೂ ಸರಿಪಡಿಸಿದರು.

ಕಾಗದ ಓದುತ್ತ ಮಾವನ ಧ್ವನಿ ಗದ್ಗದವಾದದ್ದು ಈ ವಾಕ್ಯದ ಬಳಿಯೇ. ತನ್ನ ಯೌವನವನ್ನು ನೆನೆದು ಅವರು ಹಾಗಾದರೆಂದು ನಾನು ತಿಳಿದಿದ್ದೆ. ಡೈಕ್ಸ್ಟ್ರಾ ಅವರ ವಾದ ದೊಡ್ಡದಿರಬಹುದು. ಆದರೆ ವಾಕ್ಯವಾಗಿ ಬರೆದದ್ದರಿಂದಲೇ ಅಲ್ಲವೆ ಅಕ್ಷರ ಬಾರದ ಒಬ್ಬ ಅಜ್ಜಿಗೆ ಯಂತ್ರದ ತಪ್ಪನ್ನು ಅವರದೇ ಜಗಲಿಯ ಮಾತಿನಲ್ಲಿ ಓದಿ ಹೇಳಲು ಸಾಧ್ಯವಾದದ್ದು? ಈಗ ಬ್ಯಾಂಕಿನ ಸಾಲ ಕೊಡಬೇಕೇ ಬೇಡವೇ ಎಂಬುದನ್ನು ಕೂಡ ಎಲ್ಲಿಯೋ ಇರುವ ಪ್ರೋಗ್ರಾಮು ಹೇಳುತ್ತದೆ. ‘ಸಿಸ್ಟಮ್ ಒಪ್ಪುತ್ತಿಲ್ಲ’ ಎಂಬ ಉತ್ತರ ನಮ್ಮಲ್ಲಿ ಯಾರು ಕೇಳಿಲ್ಲ? ಏಕೆ ಒಪ್ಪುತ್ತಿಲ್ಲವೆಂದು ಕೇಳಿದರೆ ಹರಡಿ ಓದುವಂಥ ಕಾಗದ ಅಲ್ಲಿ ಯಾರ ಬಳಿಯೂ ಇಲ್ಲ. ಹಳೆಯ ಗಣಕಭಾಷೆಗಳನ್ನು ಕುರಿತ ಹಂಬಲದಲ್ಲಿ ಅರ್ಧದಷ್ಟು ವಯಸ್ಸಿನ ಮರುಳಿರಬಹುದು. ಉಳಿದರ್ಧ, ಪ್ರೋಗ್ರಾಮೊಂದು ಮೊದಲಿನಿಂದ ಕೊನೆಯವರೆಗೆ ಒಬ್ಬ ಮನುಷ್ಯನ ಕಣ್ಣಿಗೆ ಸಿಗುತ್ತಿದ್ದ ಕಾಲವನ್ನು ಕುರಿತದ್ದೆಂದು ನನಗೆ ತೋರುತ್ತದೆ.

ಅಂಥ ಕಾಗದವನ್ನು ಓದಬಲ್ಲವರು ಕಡಮೆಯಾಗುತ್ತಿರುವುದು ದೊಡ್ಡ ದೇಶಗಳನ್ನೂ ಕಾಡಿದೆ. 2020ರ ಏಪ್ರಿಲಿನಲ್ಲಿ, ಕೊರೋನಾ ಕಾಲದಲ್ಲಿ, ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ಕೆಲಸ ಕಳೆದುಕೊಂಡವರು ಲಕ್ಷಗಟ್ಟಲೆ ಅರ್ಜಿ ಹಾಕಿದಾಗ ನಲವತ್ತು ವರ್ಷಗಳ ಹಳೆಯ ಯಂತ್ರವ್ಯವಸ್ಥೆ ತಡೆದುಕೊಳ್ಳಲಾರದೆ ಹೋಯಿತು. ಕೋಬಾಲ್ ಬಲ್ಲವರು ಯಾರಾದರೂ ಇದ್ದರೆ ನೆರವಿಗೆ ಬನ್ನಿರೆಂದು ಅಲ್ಲಿಯ ಗವರ್ನರರು ಸಾರ್ವಜನಿಕವಾಗಿ ಕೇಳಿಕೊಂಡರು. ಶಾಸನ ಓದಬಲ್ಲ ಪಂಡಿತರನ್ನು ಹುಡುಕಿಕೊಂಡು ಹೋದಂತೆ!

ಇಂಗ್ಲಿಷ್ ವಾಕ್ಯವನ್ನು ಮಾವ ಕನ್ನಡಿಸಿ ಹೇಳಿದರು ಎಂದೆನಷ್ಟೆ. ಆಜ್ಞೆಗಳೇ ಕನ್ನಡದಲ್ಲಿದ್ದರೆ? ಈ ಯೋಚನೆಯೂ ಹೊಸತಲ್ಲ. ಗ್ರೇಸ್ ಹಾಪರ್ ಅವರು 1950ರ ದಶಕದಲ್ಲಿಯೇ ತಮ್ಮ ಮೇಲಧಿಕಾರಿಗಳ ಮುಂದೆ ಒಂದೇ ಪ್ರೋಗ್ರಾಮನ್ನು ಇಂಗ್ಲಿಷಿನಲ್ಲಿ ಮಾತ್ರವಲ್ಲದೆ ಫ್ರೆಂಚಿನಲ್ಲೂ ಜರ್ಮನಿನಲ್ಲೂ ಬರೆದು ತೋರಿಸಿದ್ದರು. ಯಂತ್ರಕ್ಕೆ ಯಾವ ಪದವಾದರೂ ಒಂದೇ. ಈ ಗುರುತು ಬಂದರೆ ಈ ಕೆಲಸ, ಅಷ್ಟೆ. ಅಮೆರಿಕದ ಯಂತ್ರ ಪರಭಾಷೆ ಅರ್ಥಮಾಡಿಕೊಳ್ಳುವುದೆಂದರೇನೆಂದು ಅಧಿಕಾರಿಗಳು ಗಾಬರಿಯಾದರಂತೆ. ಹಾಪರ್ ಇದನ್ನು ಮುಂದೆ ನಗುತ್ತ ಹೇಳಿಕೊಂಡಿದ್ದಾರೆ.

ಕನ್ನಡದಲ್ಲಿ ಇದನ್ನು ಮಾಡಿ ತೋರಿಸಿದವರು ಯು. ಬಿ. ಪವನಜ. ಮುಂಬಯಿಯ ಭಾಭಾ ಅಣು ಸಂಶೋಧನ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದು, ಆ ಬಳಿಕ ಕನ್ನಡ ಮತ್ತು ಗಣಕದ ಕೆಲಸಕ್ಕೇ ತೊಡಗಿದವರು. ಲೋಗೋ ಎಂಬುದು 1967ರಲ್ಲಿ ಅಮೆರಿಕದಲ್ಲಿ ಮಕ್ಕಳಿಗೆಂದು ಹುಟ್ಟಿದ ಭಾಷೆ. ಅದರಲ್ಲಿ ಪರದೆಯ ಮೇಲಿನ ಒಂದು ಆಮೆಗೆ ಮಗು ಆಜ್ಞೆ ಕೊಡುತ್ತದೆ. ನೂರು ಹೆಜ್ಜೆ ಮುಂದೆ ಹೋಗು, ಬಲಕ್ಕೆ ತೊಂಬತ್ತು ಅಂಶ ತಿರುಗು. ಹೀಗೆ ನಾಲ್ಕು ಸಲ ಮಾಡೆಂದರೆ ಆಮೆ ನಡೆದ ದಾರಿ ಚೌಕವಾಗುತ್ತದೆ. ಈ ಲೋಗೋವಿಗೆ ಪವನಜ ಅವರು ಕನ್ನಡದ ರೂಪ ಕೊಟ್ಟರು. ಇಂಗ್ಲಿಷ್ ಬಾರದ ಮಗು ಕನ್ನಡದ ಪದ ಟೈಪು ಮಾಡಿದರೆ ಆಮೆ ನಡೆಯುತ್ತದೆ. ನಮ್ಮ ಶಾಲೆಗಳಲ್ಲಿ ಇದು ಮನೆಮಾತಾಗಬೇಕಾಗಿತ್ತು. ನನ್ನ ತರಗತಿಯ ಗೆಳತಿಯರಲ್ಲಿ ಕೇಳಿದೆ, ಒಬ್ಬರಾದರೂ ಕೇಳಿದವರಿರಲಿಲ್ಲ. ಕನ್ನಡ ಮಾಧ್ಯಮದಲ್ಲೇ ಹತ್ತು ವರ್ಷ ಓದಿದ ನಾನೂ ಕೇಳಿರಲಿಲ್ಲ. ಇದಕ್ಕೆ ಯಾರನ್ನು ದೂರಬೇಕೋ ತಿಳಿಯದು.

ಈಚೆಗೆ, ಬೇಕಾದುದನ್ನು ಕನ್ನಡದಲ್ಲೇ ಕೇಳಿದರೆ ಪ್ರೋಗ್ರಾಮು ಬರೆದುಕೊಡುವ ಯಂತ್ರಗಳೂ ಬಂದಿವೆ. ಇನ್ನು ಗಣಕಭಾಷೆಯ ಹಂಗೇಕೆ ಎನ್ನುವವರುಂಟು. ನಾನು ಮಾವನ ಎದುರಿಗೆ ಈ ಮಾತೆತ್ತಿದಾಗ ಅವರು ವಾದಕ್ಕೆ ಬರಲಿಲ್ಲ. ‘ಅದು ರೌಂಡೆಡ್ ಹಾಕಿದೆಯೋ ಇಲ್ಲವೋ ನೋಡೋರು ಯಾರು ಪುಟ್ಟಿ?’ ಎಂದಷ್ಟೇ ಕೇಳಿದರು.

ಕೋಬಾಲ್ ಕಲಿಯಲು ಈಗ ದೊಡ್ಡ ಯಂತ್ರವೇನೂ ಬೇಡ. ಗ್ನೂಕೋಬಾಲ್ ಎಂಬುದು ಉಚಿತವಾಗಿ ಸಿಗುತ್ತದೆ, ಸಾಧಾರಣ ಗಣಕದಲ್ಲಿ ನಡೆಯುತ್ತದೆ. ರಜೆ ಮುಗಿಯುವ ಮೊದಲು ಮಾವ ಪಕ್ಕದಲ್ಲಿ ಕುಳಿತು ಓದುತ್ತ ಹೋದರು, ನಾನು ಟೈಪು ಮಾಡುತ್ತ ಹೋದೆ. ಬಡ್ಡಿಯ ವಾಕ್ಯ ಬಂದಾಗ ಬಿಟ್ಟುಹೋದ ಆ ಪದವನ್ನು ಅವರು ಎರಡು ಸಲ ಹೇಳಿದರು. ನಡೆಸಿದೊಡನೆ ಯಂತ್ರ ತಪ್ಪೆಂದು ತಿರುಗಿಸಿತು. ಎರಡನೆಯ ವಿಭಾಗದ ಹೆಸರಿನ ಮುಂದೆ ನಾನು ಪೂರ್ಣವಿರಾಮ ಇಟ್ಟಿರಲಿಲ್ಲ. ಅದನ್ನು ಇಟ್ಟ ಮೇಲೆ ನಡೆಯಿತು. ಅಸಲು 1,275, ದರ 10 ಎಂದು ಕೊಟ್ಟೆವು. ಪರದೆಯ ಮೇಲೆ 10.63 ಬಂತು.